ಹತ್ತೊಂಬತ್ತು ಸಲ ಪ್ಯಾರಿಸ್, ಲೂವ್ರ್ ಒಳಗೆ ಒಂದು ಸಲವೂ ಇಲ್ಲ

ಏನು ಕೆಲಸ ಅಂತ ಯಾರಾದರೂ ಕೇಳಿದರೆ ಟೂರ್ ಮ್ಯಾನೇಜರ್ ಅನ್ನುತ್ತೇನೆ. ಆಮೇಲೆ ಬರುವ ಮಾತು ನನಗೆ ಬಾಯಿಪಾಠ. "ನಿಮ್ಮ ಪುಣ್ಯ ಕಣ್ರೀ, ದುಡ್ಡೂ ಕೊಟ್ಟು ದೇಶಾನೂ ತೋರಿಸ್ತಾರೆ!" ನಗುತ್ತೇನೆ, ಇನ್ನೇನು ಮಾಡುವುದು. ಪ್ಯಾರಿಸ್‌ಗೆ ಹತ್ತೊಂಬತ್ತು ಸಲ ಹೋಗಿದ್ದೇನೆ, ಮೊನಾಲಿಸಾ ಇರುವ ಲೂವ್ರ್ ಮ್ಯೂಸಿಯಂ ಒಳಗೆ ಇನ್ನೂ ಕಾಲಿಟ್ಟಿಲ್ಲ. ನಮ್ಮ ಟೂರ್‌ನಲ್ಲಿ ಆ ಊರಿಗೆ ಇರುವುದು ಒಂದೂವರೆ ದಿನ. ಐಫೆಲ್ ಟವರ್, ಸೇನ್ ನದಿಯಲ್ಲಿ ದೋಣಿ, ಸೆಂಟ್ ಅಂಗಡಿ, ರಾತ್ರಿ ಅನ್ನ ಸಾರು. ಎರಡು ಸಲ ಮಧ್ಯಾಹ್ನ ಪೂರ್ತಿ ಬಿಡುವು ಸಿಕ್ಕಿತ್ತು. ಎರಡೂ ಸಲ ಮಂಗಳವಾರ. ಮಂಗಳವಾರ ಲೂವ್ರ್‌ಗೆ ರಜೆ.

ನಮ್ಮೂರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನೂ ಬಿಕಾಂ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಕ್ಕೇ ಕೂತೆ. ರಜೆ ಸಿಕ್ಕಿತೋ, ಬ್ಯಾಗು ಹೆಗಲಿಗೆ. ಮೊದಲು ಹಂಪಿ, ಆಮೇಲೆ ಲಡಾಖ್, ಆಮೇಲೆ ಅಗ್ಗದ ಟಿಕೆಟ್ ಸಿಕ್ಕಿತು ಅಂತ ಕ್ವಾಲಾಲಂಪುರ. ವಾಪಸ್ ಬಂದವನಿಗೆ ಆ ಕುರ್ಚಿ ಮೇಲೆ ಕೂರಲು ಆಗಲಿಲ್ಲ. ಕೆಲಸ ಬಿಟ್ಟೆ ಅಂದಾಗ ಅಪ್ಪ ಸುಮ್ಮನಿದ್ದರು. ಅಮ್ಮ ಮಾತ್ರ, "ಊರೂರು ಅಲೀತೀನಿ ಅನ್ನೋನಿಗೆ ಯಾರೋ ಹೆಣ್ಣು ಕೊಡ್ತಾರೆ?" ಅಂದಳು. (ಕೊಟ್ಟರು. ಅವಳಿಗೆ ಬಸ್ಸಲ್ಲಿ ವಾಂತಿ ಬರುತ್ತದೆ, ಅರಸೀಕೆರೆ ದಾಟಲ್ಲ.)

ಜಗತ್ತು ಸುತ್ತಲು ಹೊರಟವನಿಗೆ ಮೊದಲು ಸಿಕ್ಕಿದ್ದು ಕಾಶಿ. ಟೂರ್ ಕಂಪನಿಯವರು ಹೊಸಬರನ್ನು ಸೀದಾ ವಿಮಾನ ಹತ್ತಿಸುವುದಿಲ್ಲ. ಅಕ್ಕಿ ಮೂಟೆ, ದೊಡ್ಡ ಪಾತ್ರೆ, ಗ್ಯಾಸ್ ಒಲೆ, ಇಬ್ಬರು ಅಡುಗೆ ಭಟ್ಟರು ಮತ್ತು ಐವತ್ತು ಜನ ಹಿರಿಯರು, ಇವರ ಜೊತೆ ಮೂರು ವರ್ಷ ಕಾಶಿ, ಗಯಾ, ಪ್ರಯಾಗ. ಯಾರು ಈರುಳ್ಳಿ ತಿನ್ನಲ್ಲ, ಯಾರ ಬಿಪಿ ಮಾತ್ರೆ ಯಾವ ಚೀಲದಲ್ಲಿದೆ, ಯಾವ ಅತ್ತೆ ಸೊಸೆಯನ್ನು ಒಂದೇ ಸೀಟಿನಲ್ಲಿ ಕೂರಿಸಬಾರದು, ಎಲ್ಲಾ ನೆನಪಿಟ್ಟುಕೊಳ್ಳಬೇಕು. ಮುಖ್ಯವಾಗಿ ತಲೆ ಎಣಿಸಬೇಕು. ಹತ್ತುವಾಗ ಒಮ್ಮೆ, ಇಳಿದಾಗ ಒಮ್ಮೆ, ಶೌಚಾಲಯದ ಬಿಡುವು ಮುಗಿದ ಮೇಲೆ ಎರಡು ಸಲ. ಯುರೋಪ್‌ಗೆ 2017ರಲ್ಲಿ ಹೋದಾಗ ಹೊಸದಾಗಿ ಕಲಿಯುವುದು ಅಷ್ಟೇನೂ ಇರಲಿಲ್ಲ. ಚಳಿ ಒಂದು ಜಾಸ್ತಿ.

ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ, ಆದ್ದರಿಂದ ಹೇಳಿಬಿಡುತ್ತೇನೆ. ನನಗೆ ಸಂಬಳ ಇಲ್ಲ. ಟೂರ್ ಇದ್ದಷ್ಟು ದಿನ ದಿನಗೂಲಿ, ಕೊನೆಗೆ ಭಕ್ಷೀಸು. ಏಪ್ರಿಲ್‌ನಿಂದ ಜೂನ್‌ವರೆಗೆ ಉಸಿರಾಡಲು ಪುರುಸೊತ್ತಿಲ್ಲ, ದಸರಾ ರಜೆಯಲ್ಲಿ ಸ್ವಲ್ಪ, ಡಿಸೆಂಬರ್‌ನಲ್ಲಿ ಸ್ವಲ್ಪ. ಉಳಿದ ತಿಂಗಳು ತಿಪಟೂರಿನ ಏಳೆಂಟು ಅಂಗಡಿಗಳಿಗೆ ಜಿಎಸ್‌ಟಿ ರಿಟರ್ನ್ ಹಾಕಿಕೊಡುತ್ತೇನೆ. ಬಿಟ್ಟು ಬಂದೆ ಅಂದುಕೊಂಡಿದ್ದ ಲೆಕ್ಕವೇ ಇವತ್ತಿಗೂ ಮನೆ ಬಾಡಿಗೆ ಕಟ್ಟುವುದು. 2020ರ ಮಾರ್ಚ್ 23ಕ್ಕೆ ನಮ್ಮ ದೇಶ ವಿದೇಶಿ ವಿಮಾನಗಳನ್ನು ನಿಲ್ಲಿಸಿತಲ್ಲ, ಅವು ಮೊದಲಿನಂತೆ ಹಾರಿದ್ದು 2022ರ ಮಾರ್ಚ್ 27ರಿಂದ. ಆ ಎರಡು ವರ್ಷ ಅಪ್ಪನ ಪಕ್ಕದಲ್ಲೇ ಮಂಡಿಯಲ್ಲಿ ಕೂತು ಕೊಬ್ಬರಿ ಚೀಲ ಎಣಿಸಿದೆ. ಎಣಿಸುವುದು ಅಭ್ಯಾಸ ಇತ್ತಲ್ಲ.

ಇನ್ನೊಂದು ಎಣಿಕೆ ವೀಸಾದ್ದು. ನಮ್ಮ ಕಿರು ಅವಧಿ ವೀಸಾದಲ್ಲಿ ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳಲ್ಲಿ, ಯಾವುದೇ 180 ದಿನಗಳ ಒಳಗೆ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಪ್ರವಾಸಿಗರಿಗೆ ಇದು ತಲೆಬಿಸಿಯೇ ಅಲ್ಲ, ಹನ್ನೆರಡು ದಿನದಲ್ಲಿ ಮನೆಗೆ ಬರುತ್ತಾರೆ. ಮೂರು ನಾಲ್ಕು ಗುಂಪು ಬೆನ್ನುಬೆನ್ನಿಗೆ ಕರೆದುಕೊಂಡು ಹೋಗುವ ನಮಗೆ ಹೋದ ದಿನವೂ ಲೆಕ್ಕ, ಬಂದ ದಿನವೂ ಲೆಕ್ಕ. ಒಂದು ಸಣ್ಣ ಡೈರಿಯಲ್ಲಿ ಬರೆದಿಡುತ್ತಿದ್ದೆ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆದುಕೊಂಡು ಕಂಪ್ಯೂಟರೇ ಲೆಕ್ಕ ಇಡುವ ವ್ಯವಸ್ಥೆ ಶುರು ಮಾಡಿದ್ದಾರೆ. ನಾನು ಡೈರಿ ಬಿಟ್ಟಿಲ್ಲ.

ಹಾಗಾದರೆ ಸುತ್ತುವ ಹುಚ್ಚು ಏನಾಯಿತು? ಅದಕ್ಕೆ ಬೇರೆ ಡಬ್ಬಿ ಇಟ್ಟಿದ್ದೇನೆ. ಭಕ್ಷೀಸಿನ ದುಡ್ಡು ಪೂರ್ತಿ ಅದಕ್ಕೆ. 2023ರ ನವೆಂಬರ್‌ನಲ್ಲಿ ಒಬ್ಬನೇ ವಿಯೆಟ್ನಾಂಗೆ ಹೋದೆ, ಇ-ವೀಸಾಕ್ಕೆ 25 ಡಾಲರ್ ಅಷ್ಟೇ. ಹನೋಯ್‌ನ ಫುಟ್‌ಪಾತ್‌ನಲ್ಲಿ ಮೊಳಕಾಲುದ್ದದ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಮೊಟ್ಟೆ ಹಾಕಿದ ಕಾಫಿ ಕುಡಿಯುತ್ತಾ ಎರಡು ಗಂಟೆ ಏನೂ ಮಾಡಲಿಲ್ಲ. ಯಾರೂ "ಸರ್, ಬಿಸಿನೀರು" ಅನ್ನಲಿಲ್ಲ. ಮಾರನೇ ದಿನ ಹಾಲಾಂಗ್ ಕೊಲ್ಲಿಗೆ ಹೋಗುವ ಬಸ್ಸಿನಲ್ಲಿ, ನಿಲ್ಲಿಸಿ ಹೊರಟಾಗ, ನನಗೆ ಸಂಬಂಧವೇ ಇಲ್ಲದ ಇಪ್ಪತ್ತಮೂರು ಜನರ ತಲೆ ಎಣಿಸಿದೆ. ಒಬ್ಬ ಕಮ್ಮಿ. ಕೂಗಿ ಹೇಳಿದೆ. ಆಮೇಲೆ ನೋಡಿದರೆ ನನ್ನನ್ನೇ ಬಿಟ್ಟಿದ್ದೆ.

ಅದೇ ವರ್ಷ ಮೇ ತಿಂಗಳ ಗುಂಪಿನಲ್ಲಿ ಒಬ್ಬ ಯಜಮಾನರಿದ್ದರು. ಬಸ್ ಡ್ರೈವರ್ ಆಗಿ ರಿಟೈರ್ ಆದವರು, ಮಗಳು ದುಡ್ಡು ಕಟ್ಟಿ ಕಳಿಸಿದ್ದಳು. ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡ್‌ಗೆ ಹೋಗುವ ದಿನ ಒಂದು ಪೆಟ್ರೋಲ್ ಬಂಕ್ ಹತ್ತಿರ ಬಸ್ಸು ನಿಂತಿತು. ಎಲ್ಲರೂ ಹತ್ತು ನಿಮಿಷದಲ್ಲಿ ವಾಪಸ್ ಬಂದರು. ಡ್ರೈವರ್ ಕದಲಲಿಲ್ಲ. ಪೋರ್ಚುಗಲ್‌ನವನು, ಸೀಟು ಹಿಂದಕ್ಕೆ ಮಾಡಿಕೊಂಡು ಸೇಬು ತಿನ್ನುತ್ತಿದ್ದ. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು, ದಿನಕ್ಕೆ 9 ಗಂಟೆ ಸ್ಟೇರಿಂಗ್, ವಾರದಲ್ಲಿ ಎರಡು ದಿನ ಮಾತ್ರ 10. ಟ್ಯಾಕೋಗ್ರಾಫ್ ಅನ್ನುವ ಯಂತ್ರ ಎಲ್ಲವನ್ನೂ ದಾಖಲು ಮಾಡುತ್ತದೆ, ತಪ್ಪಿದರೆ ದಂಡ. ಇದನ್ನೆಲ್ಲಾ ಹೇಳಿದರೂ ಹಿಂದಿನ ಸೀಟಿನಿಂದ ಗೊಣಗಾಟ ನಿಲ್ಲಲಿಲ್ಲ. "ನಮ್ ಕಡೆ ಧರ್ಮಸ್ಥಳಕ್ಕೆ ರಾತ್ರಿಯೆಲ್ಲಾ ಓಡಿಸ್ತಾರಪ್ಪಾ, ಇವನೇನ್ ಮೈದಾನ್ದಲ್ಲಿ ಮಲಗಿದ ಹಾಗೆ..."

ಯಜಮಾನರು ಎದ್ದು ಮುಂದೆ ಹೋದರು. ಆ ಯಂತ್ರವನ್ನು ಬಗ್ಗಿ ನೋಡಿದರು. ಡ್ರೈವರ್ ತನ್ನ ಕಾರ್ಡ್ ತೆಗೆದು ತೋರಿಸಿದ, ಇವರು ತಮ್ಮ ಹಳೇ ಲೈಸೆನ್ಸ್ ತೆಗೆದು ತೋರಿಸಿದರು. ಇಬ್ಬರಿಗೂ ಒಂದೇ ಒಂದು ಭಾಷೆ ಕಾಮನ್ ಇರಲಿಲ್ಲ. ಅವತ್ತಿನಿಂದ ಇವರ ಜಾಗ ಡ್ರೈವರ್ ಹಿಂದಿನ ಸೀಟು. ಸ್ವಿಟ್ಜರ್ಲೆಂಡ್‌ನ ಹಿಮಬೆಟ್ಟ ಯುಂಗ್‌ಫ್ರಾವ್‌ಯೋಕ್‌ನಲ್ಲಿ, 3,454 ಮೀಟರ್ ಎತ್ತರದಲ್ಲಿ, ಉಳಿದವರೆಲ್ಲ ಹಿಮ ಎರಚಾಡುತ್ತಿದ್ದರೆ ಇವರು "ಪಾಪ ಅವನು ಕೆಳಗೆ ಊಟ ಮಾಡಿದ್ನಾ" ಅಂತ ನನ್ನನ್ನು ಕೇಳಿದರು.

ರೋಮ್ ಏರ್‌ಪೋರ್ಟ್‌ನಲ್ಲಿ ಬೀಳ್ಕೊಡುವಾಗ ಅವನು ಯಂತ್ರದಿಂದ ಒಂದು ಚೀಟಿ ಪ್ರಿಂಟ್ ತೆಗೆದು ಇವರ ಕೈಗೆ ಕೊಟ್ಟ. ಬಸ್ ಟಿಕೆಟ್ ಹಾಗೆ ಉದ್ದಕ್ಕೆ ಸುರುಳಿ. ಇವರು ಬ್ಯಾಗಿನಲ್ಲಿ ಉಳಿದಿದ್ದ ಚಟ್ನಿಪುಡಿ ಪೊಟ್ಟಣ ಕೊಟ್ಟರು. ಅವನು ಅದನ್ನು ಮೂಸಿ ಸೀನಿದ.

ವಿಮಾನದಲ್ಲಿ ದೀಪ ಆರಿಸಿದ ಮೇಲೆ ಯಜಮಾನರು ನನ್ನ ಸೀಟಿನ ಹತ್ತಿರ ಬಂದರು. ಚೀಟಿ ಬಿಚ್ಚಿ, "ಇದರಲ್ಲಿ ಏನ್ ಬರ್ದಿದೆ ಓದಿ ಹೇಳಿ ಸರ್" ಅಂದರು. ಓಡಿಸಿದ್ದು ಇಷ್ಟು, ನಿಂತಿದ್ದು ಇಷ್ಟು ಅಂತ ಓದಿದೆ.

"ಡ್ಯೂಟಿ ಮುಗಿಸಿ ಮತ್ತೆ ಗಾಡಿ ಹತ್ತೋಕೆ ಮುಂಚೆ ಎಷ್ಟು ಹೊತ್ತು ಬಿಡ್ಬೇಕು ಇವರಿಗೆ?"

"ಸಾಮಾನ್ಯವಾಗಿ 11 ಗಂಟೆ."

"ಹನ್ನೊಂದಾ?" ಅಂದರು. ಚೀಟಿಯನ್ನು ಮತ್ತೆ ಸುತ್ತಿ ಜೇಬಿಗೆ ಹಾಕಿಕೊಂಡು ಸೀಟಿಗೆ ಹೋದರು. ಬೆಂಗಳೂರು ಬರುವವರೆಗೂ ಅವರು ಮಲಗಲಿಲ್ಲ.