ಗಾಳಿ ಕೆಟ್ಟ ದಿನ ಸಾಯುವವರು ಹೇಗೂ ಸಾಯಲಿದ್ದವರೇ?

ವಾಯುಮಾಲಿನ್ಯದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ನಗರದ ಗಾಳಿ ಎರಡು ದಿನ ಹದಗೆಟ್ಟಾಗ ಸಾಯುವವರು ಮೊದಲೇ ಹಾಸಿಗೆ ಹಿಡಿದವರಲ್ಲವೇ, ಈ ವಾರವಲ್ಲದಿದ್ದರೆ ಮುಂದಿನ ವಾರ ತೀರಿಕೊಳ್ಳುತ್ತಿದ್ದವರಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಈವರೆಗಿನ ಆಧಾರಗಳು ಆ ಸಮಾಧಾನಕ್ಕೆ ಎಡೆ ಕೊಡುವುದಿಲ್ಲ ಎಂಬುದು ನನ್ನ ಉತ್ತರ.

ಗಾಳಿಯ ಮಾಲಿನ್ಯಕ್ಕೂ ದಿನದ ಸಾವುಗಳಿಗೂ ಇರುವ ನಂಟನ್ನು ಹುಡುಕುವ ಅಧ್ಯಯನಗಳಲ್ಲಿ ಒಂದು ನಗರವನ್ನು ಇನ್ನೊಂದರ ಜೊತೆಗಲ್ಲ, ಅದೇ ನಗರದ ಒಂದು ದಿನವನ್ನು ಇನ್ನೊಂದು ದಿನದ ಜೊತೆಗೆ ಹೋಲಿಸಲಾಗುತ್ತದೆ. ಊರಿನ ಬಡತನವಾಗಲಿ ಧೂಮಪಾನದ ಪ್ರಮಾಣವಾಗಲಿ ಸೋಮವಾರದಿಂದ ಮಂಗಳವಾರಕ್ಕೆ ಬದಲಾಗುವುದಿಲ್ಲವಾದ್ದರಿಂದ ಅವು ಲೆಕ್ಕವನ್ನು ಕೆಡಿಸಲಾರವು. ಕೆಡಿಸಬಲ್ಲ ಬಿಸಿಲು, ಚಳಿ, ಫ್ಲೂ ಮತ್ತು ಋತುಮಾನಗಳ ಪ್ರಭಾವವನ್ನು ಬೇರ್ಪಡಿಸಿಯೇ ಉಳಿದದ್ದನ್ನು ಅಳೆಯುತ್ತಾರೆ. 24 ದೇಶಗಳ 652 ನಗರಗಳನ್ನು ಹೀಗೆ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಿಎಂ 2.5 ಎಂಬ ಸೂಕ್ಷ್ಮ ಕಣಗಳು ಘನ ಮೀಟರಿಗೆ 10 ಮೈಕ್ರೋಗ್ರಾಂ ಹೆಚ್ಚಿದರೆ ದಿನದ ಸಾವುಗಳು ಸರಾಸರಿ ಶೇ. 0.68ರಷ್ಟು ಏರುತ್ತವೆ. ಅಂಕಿ ಚಿಕ್ಕದಾಗಿ ಕಾಣುತ್ತದೆ, ನಿಜ. ಆದರೆ ಆ ಗಾಳಿಯನ್ನು ಉಸಿರಾಡದೆ ಉಳಿಯುವವರು ನಗರದಲ್ಲಿ ಯಾರೂ ಇಲ್ಲ, ಅಂಥ ದಿನಗಳು ವರ್ಷದಲ್ಲಿ ಮತ್ತೆ ಮತ್ತೆ ಬರುತ್ತವೆ.

ಈಗ ಮೂಲ ಪ್ರಶ್ನೆಗೆ ಬರೋಣ. ಮಾಲಿನ್ಯವು ಸಾವನ್ನು ಕೆಲವೇ ದಿನ ಮುಂಚೆ ತರುತ್ತಿದ್ದರೆ, ಏರಿಕೆಯ ನಂತರದ ವಾರಗಳಲ್ಲಿ ಸಾವುಗಳು ಎಂದಿನ ಮಟ್ಟಕ್ಕಿಂತ ಅಷ್ಟೇ ಪ್ರಮಾಣದಲ್ಲಿ ಕೆಳಗಿಳಿಯಬೇಕು. ಸಾಯಬೇಕಾದವರು ಆಗಲೇ ಸತ್ತಿರುತ್ತಾರಲ್ಲ. ಯುರೋಪಿನ ಹತ್ತು ನಗರಗಳಲ್ಲಿ 40 ದಿನಗಳವರೆಗಿನ ಪರಿಣಾಮವನ್ನು ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಕಂಡದ್ದು ಇದಕ್ಕೆ ವಿರುದ್ಧ: ಅವಧಿಯನ್ನು ಹಿಗ್ಗಿಸಿದಾಗ ಪರಿಣಾಮ ಕರಗಲಿಲ್ಲ, ಎರಡು ಪಟ್ಟಿಗೂ ಹೆಚ್ಚಾಯಿತು. 1952ರ ಡಿಸೆಂಬರಿನಲ್ಲಿ ಕಲ್ಲಿದ್ದಲ ಹೊಗೆಯು ಮಂಜಿನೊಡನೆ ಸೇರಿ ಐದು ದಿನ ಲಂಡನ್ ನಗರವನ್ನು ಮುಚ್ಚಿದಾಗಲೂ ಹೀಗೆಯೇ ಆಗಿತ್ತು. ಮೊದಲ ಅಂದಾಜು ಸುಮಾರು 4,000 ಸಾವುಗಳದ್ದು. ಮಂಜು ಸರಿದ ಮೇಲೆಯೂ ಮುಂದಿನ ಎರಡು ತಿಂಗಳು ಸಾವಿನ ಪ್ರಮಾಣ ಎತ್ತರದಲ್ಲೇ ಉಳಿಯಿತು; ಅಂದಿನ ಸರ್ಕಾರ ಅದನ್ನು ಇನ್‌ಫ್ಲುಯೆಂಜಾದ ಖಾತೆಗೆ ಹಾಕಿತು. ಸುಮಾರು ಅರ್ಧ ಶತಮಾನದ ನಂತರ ನಡೆದ ಮರುಲೆಕ್ಕದಲ್ಲಿ ಸಂಖ್ಯೆ ಸುಮಾರು 12,000ಕ್ಕೆ ಏರಿತು. ತಡವಾಗಿ ಸತ್ತ ಅಷ್ಟು ಜನರನ್ನು ಬೇರೆ ಕಾರಣದ ಪಟ್ಟಿಗೆ ಸೇರಿಸಿದ್ದು ನನಗೆ ಈಗಲೂ ಅನ್ಯಾಯವೆನಿಸುತ್ತದೆ.

ಇದು ಹೇಗೆ ಸಾಧ್ಯ ಎಂಬುದಕ್ಕೆ ದೇಹದಲ್ಲೇ ವಿವರಣೆಯಿದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ಉರಿಯೂತವನ್ನು ಕೆರಳಿಸುತ್ತವೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಹೆಚ್ಚಿಸುತ್ತವೆ, ಹೃದಯ ಬಡಿತದ ಲಯವನ್ನು ಕದಡುತ್ತವೆ. ಹೃದಯಾಘಾತ ಆ ದಿನವೋ ಮರುದಿನವೋ ಸಂಭವಿಸಬಹುದು. ಉಸಿರಾಟದ ಸೋಂಕು ಬಲಿತು ಪ್ರಾಣಕ್ಕೆ ಎರವಾಗಲು ವಾರಗಳೇ ಹಿಡಿಯಬಹುದು. ಅಂದರೆ ಕೆಟ್ಟ ಗಾಳಿ ಈಗಾಗಲೇ ಕುಗ್ಗಿದವರ ಪ್ರಾಣವನ್ನಷ್ಟೇ ತೆಗೆಯುವುದಿಲ್ಲ. ನಿನ್ನೆಯವರೆಗೆ ಕೆಲಸಕ್ಕೆ ಹೋಗುತ್ತಿದ್ದ, ರಕ್ತನಾಳದ ತೊಂದರೆ ತನಗಿದೆಯೆಂದೇ ಅರಿಯದ ವ್ಯಕ್ತಿಯನ್ನೂ ಆ ಕುಗ್ಗಿದವರ ಸಾಲಿಗೆ ತಂದು ನಿಲ್ಲಿಸುತ್ತದೆ. ಅಂಥವರು ಕಳೆದುಕೊಳ್ಳುವುದು ಒಂದು ವಾರವನ್ನಲ್ಲ, ಅನೇಕ ವರ್ಷಗಳನ್ನು.