ಹತ್ತು ಮಿಲಿಮೀಟರ್ ಮಳೆ ಮತ್ತು ಒಂದು ಟಿಕ್ಕು

ಹಾಸನದ ಬಿ.ಎಂ. ರಸ್ತೆಯ ನಮ್ಮ ಟ್ರಾವೆಲ್ ಕಚೇರಿಯಲ್ಲಿ ರಾತ್ರಿ ಪಾಳಿಗೆ ಕೂರುವವರ ಪಾಲಿಗೆ ಅಮೆರಿಕದ ಎಫ್‌ಐಟಿ ಫೈಲುಗಳು, ಅಂದರೆ ಗುಂಪಿಲ್ಲದೆ ಸ್ವತಂತ್ರವಾಗಿ ಸುತ್ತುವವರ ಪ್ರವಾಸದ ಫೈಲುಗಳು, ಬರುತ್ತವೆ. ಗಿರಾಕಿಗಳಲ್ಲಿ ಹೆಚ್ಚಿನವರು ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು. ಮಗನೋ ಮಗಳೋ ಡಲ್ಲಾಸ್‌ನಲ್ಲಿಯೋ ಹ್ಯೂಸ್ಟನ್‌ನಲ್ಲಿಯೋ ಇರುತ್ತಾರೆ. ಹಿಂದೆ ಇವರಿಗೆ ನಯಾಗರಾ ತೋರಿಸಿದರೆ ಸಾಕಾಗುತ್ತಿತ್ತು. ಈಗ ಮಗ ಬಾಡಿಗೆಯ ಎಸ್‌ಯುವಿ ಓಡಿಸುತ್ತಾನೆ, ಅಪ್ಪ ಅಮ್ಮ ಹಿಂದೆ ಕೂರುತ್ತಾರೆ, ಮರುಭೂಮಿ ಬೇಕು, ಗುಹೆ ಬೇಕು, ಯಾರೂ ಹೋಗದ ಮಣ್ಣು ರಸ್ತೆಯೂ ಬೇಕು. ಡೇ-ಶೀಟ್, ಅಂದರೆ ದಿನದಿನದ ಕಾರ್ಯಕ್ರಮ ಪಟ್ಟಿ, ಬರೆಯುವ ನಾನು ಮರುಭೂಮಿಯನ್ನು ಕಣ್ಣಾರೆ ಕಂಡವನಲ್ಲ. ಇದನ್ನು ನಮ್ಮ ವ್ಯವಸ್ಥಾಪಕರು ಗಿರಾಕಿಗಳಿಗೆ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಆಗಸ್ಟ್‌ನ ಆ ಫೈಲಿನಲ್ಲಿ ನಾಲ್ಕು ಪ್ಯಾಕ್ಸ್ ಇದ್ದರು: ಹಾನಬಾಳು ಕಡೆಯ ಬೆಳೆಗಾರ ದಂಪತಿ, ಅವರ ಮಗ ಮತ್ತು ಸೊಸೆ. ಎಲ್ ಪಾಸೊದಲ್ಲಿ ವಾಹನ ತೆಗೆದುಕೊಂಡು ವೈಟ್ ಸ್ಯಾಂಡ್ಸ್, ಅಲ್ಲಿಂದ ಬೆಟ್ಟ ಹತ್ತಿ ಇಳಿದು ಕಾರ್ಲ್ಸ್‌ಬ್ಯಾಡ್, ಕೊನೆಗೆ ಗ್ವಾಡಲೂಪೆ ಪರ್ವತಗಳ ಬುಡದಿಂದ ಮರಳಿ ಎಲ್ ಪಾಸೊ. ವೈಟ್ ಸ್ಯಾಂಡ್ಸ್ ದಿನಕ್ಕೆ ನಾನು ಧಾರಾಳವಾಗಿ ಬಫರ್ ಇಟ್ಟಿದ್ದೆ, ಏಕೆಂದರೆ ಸುತ್ತಲಿನದು ಕ್ಷಿಪಣಿ ಪರೀಕ್ಷಾ ವಲಯ. ಪರೀಕ್ಷೆಯಿದ್ದರೆ ಉದ್ಯಾನದ ರಸ್ತೆಯನ್ನು ಮೂರು ಗಂಟೆಯವರೆಗೂ ಮುಚ್ಚಿಬಿಡುತ್ತಾರೆ. ಅಲ್ಲಿನ ಬಿಳಿ ದಿಬ್ಬಗಳು ಜಿಪ್ಸಮ್ಮಿನವು, ಸಾಮಾನ್ಯ ಮರಳಿನಂತೆ ಕಾಯುವುದಿಲ್ಲ, ಬೇಸಿಗೆಯಲ್ಲಿಯೂ ಬರಿಗಾಲಿನಲ್ಲಿ ನಡೆಯಬಹುದು ಎಂದು ಟಿಪ್ಪಣಿಯನ್ನೂ ಸೇರಿಸಿದ್ದೆ. ಮೊದಲ ದಿನ ಅಮ್ಮನವರ ಬರಿಗಾಲಿನ ಚಿತ್ರ ಬಂದಾಗ, ನೋಡದ ಊರನ್ನೂ ಇಷ್ಟು ಚೆನ್ನಾಗಿ ಬಲ್ಲೆನಲ್ಲ ಎಂದು ನನಗೆ ಸಣ್ಣ ಹೆಮ್ಮೆಯೇ ಆಯಿತು.

ಗುಹೆಯ ದಿನದ ಬೆಳಗಿನ ಭಾಗವನ್ನೂ ಎಚ್ಚರಿಕೆಯಿಂದಲೇ ಹೊಂದಿಸಿದ್ದೆ. ಕಾರ್ಲ್ಸ್‌ಬ್ಯಾಡ್ ಕ್ಯಾವರ್ನ್ಸ್ ರಾಷ್ಟ್ರೀಯ ಉದ್ಯಾನದ ಗುಹೆಗೆ ಇಳಿಯಲು ಎರಡು ದಾರಿಗಳಿವೆ: ಒಂದೂಕಾಲು ಮೈಲಿಯ ಕಡಿದಾದ ನೈಸರ್ಗಿಕ ದ್ವಾರದ ಹಾದಿ, ಇಲ್ಲವೇ ನೇರವಾಗಿ 750 ಅಡಿ ಇಳಿಸುವ ಲಿಫ್ಟ್. ಅಪ್ಪನವರ ಮೊಣಕಾಲಿನ ವಿಷಯ ಫೈಲಿನಲ್ಲಿ ಇದ್ದುದರಿಂದ ಲಿಫ್ಟ್ ಎಂದು ಬರೆದೆ. ಮೇಲೆ ಚಿವಾವಾ ಮರುಭೂಮಿ ಉರಿಯುತ್ತಿದ್ದರೂ ಒಳಗೆ ವರ್ಷವಿಡೀ 13 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ಸ್ವೆಟರ್ ಎಂದು ಬರೆದೆ. ಬೇರೆ ಗುಹೆಗೆ ಹಾಕಿಕೊಂಡು ಹೋಗಿದ್ದ ಬೂಟುಗಳನ್ನು ಇಲ್ಲಿಗೆ ತರಬೇಡಿ, ಬಾವಲಿಗಳಿಗೆ ತಗಲುವ ಶಿಲೀಂಧ್ರ ರೋಗದ ಭಯವಿದೆ ಎಂದೂ ಬರೆದೆ. ಮಗನಿಗೆ ಭೂವಿಜ್ಞಾನದ ಹುಚ್ಚು ಇದ್ದುದರಿಂದ ಒಂದು ಪುಟ ಹೆಚ್ಚುವರಿ ಮಾಹಿತಿ: ಮಳೆನೀರಿನ ಸೌಮ್ಯ ಆಮ್ಲ ಕೊರೆದ ಸಾಮಾನ್ಯ ಸುಣ್ಣಕಲ್ಲಿನ ಗುಹೆ ಇದಲ್ಲ, ಕೆಳಗಿನ ತೈಲ ನಿಕ್ಷೇಪಗಳಿಂದ ಮೇಲೇರಿದ ಹೈಡ್ರೋಜನ್ ಸಲ್ಫೈಡ್ ಅಂತರ್ಜಲದ ಆಮ್ಲಜನಕದೊಂದಿಗೆ ಸೇರಿ ಗಂಧಕಾಮ್ಲವಾಗಿ, ಪುರಾತನ ಸಮುದ್ರದ ದಿಬ್ಬವಾಗಿದ್ದ ಕಲ್ಲನ್ನು ತಿಂದು ಮಾಡಿದ ಗುಹೆ. ಹತ್ತಿರದ ಲೆಚುಗಿಯಾ ಗುಹೆಗೂ ಹೋಗಬಹುದೇ ಎಂದು ಅವನು ಕೇಳಿದ್ದ. 1986ರಲ್ಲಿ ದಾರಿ ತೆರೆದುಕೊಂಡ ಆ ಗುಹೆಯಲ್ಲಿ ಇದುವರೆಗೆ 150 ಮೈಲಿಗೂ ಹೆಚ್ಚು ಉದ್ದವನ್ನು ಅಳೆದಿದ್ದಾರೆ, ಆದರೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಅದನ್ನೂ ವಿನಯದಿಂದ ತಿಳಿಸಿದ್ದೆ.

ತೊಂದರೆ ಇದ್ದದ್ದು ಮಧ್ಯಾಹ್ನದಲ್ಲಿ. ಗುಹೆಯಿಂದ ಒಂದೂವರೆಯ ಹೊತ್ತಿಗೆ ಮೇಲೆ ಬಂದರೆ, ಸೂರ್ಯಾಸ್ತದ ವೇಳೆಗೆ ಲಕ್ಷಗಟ್ಟಲೆ ಬಾವಲಿಗಳು ಗುಹೆಯ ಬಾಯಿಂದ ಸುರುಳಿಯಾಗಿ ಏಳುವುದನ್ನು ನೋಡುವವರೆಗೆ ಮಾಡಲು ಕೆಲಸವಿಲ್ಲ. ನಮ್ಮ ಐಟಿನರಿ ಸಾಫ್ಟ್‌ವೇರಿಗೆ ಗ್ಯಾಪ್ ಎಂದರೆ ಆಗುವುದಿಲ್ಲ. ಮೂರು ಗಂಟೆ ದಾಟಿದ ಖಾಲಿ ಜಾಗವನ್ನು ಕೆಂಪು ಮಾಡುತ್ತದೆ, ಕೆಂಪು ಇರುವ ಫೈಲು ಗುಣಮಟ್ಟ ಪರಿಶೀಲಿಸುವ ಕ್ಯೂಸಿಯಿಂದ ವಾಪಸು ಬರುತ್ತದೆ. ಅರವತ್ತು ದಾಟಿದ ದಂಪತಿ ಗುಹೆ ಸುತ್ತಿ ಬಂದ ಮೇಲೆ ಹೋಟೆಲಿನಲ್ಲಿ ಮಲಗುತ್ತಾರೆ ಎನ್ನುವ ಸಾಧ್ಯತೆ ಆ ಸಾಫ್ಟ್‌ವೇರ್ ಬರೆದವರಿಗೆ ಹೊಳೆದಿಲ್ಲ. ಹಾಗಾಗಿ ನಾನು ವಾಲ್‌ನಟ್ ಕ್ಯಾನ್ಯನ್ ಡೆಸರ್ಟ್ ಡ್ರೈವ್ ಅನ್ನು ಫಿಲ್ಲರ್ ಆಗಿ ಹಾಕಿದೆ. ಒಂಬತ್ತೂವರೆ ಮೈಲಿಯ ಜಲ್ಲಿ ರಸ್ತೆ, ಏಕಮುಖ ಸಂಚಾರ. ಬೆಟ್ಟದ ಏಣಿನ ಮೇಲೆ ಸ್ವಲ್ಪ ಸಾಗಿ, ಕಣಿವೆಗೆ ಇಳಿದು, ಕೊನೆಗೆ ಉದ್ಯಾನದ ಮುಖ್ಯ ರಸ್ತೆಗೆ ಬಂದು ಸೇರುತ್ತದೆ. ಒಣಗಿರುವಾಗ ಸಾಧಾರಣ ಕಾರೂ ಹೋಗುತ್ತದೆ. ಕೆಂಪು ಹಸಿರಾಯಿತು.

ರಾತ್ರಿ ಒಂದು ಐವತ್ತಕ್ಕೆ ಮಗನ ಸಂದೇಶ ಬಂತು. ಅವರಲ್ಲಿ ಆಗ ಮಧ್ಯಾಹ್ನ ಎರಡು ಇಪ್ಪತ್ತು. ಗುಹೆ ಮುಗಿಯಿತು, ಬಹಳ ಚೆನ್ನಾಗಿತ್ತು, ಪಶ್ಚಿಮದಲ್ಲಿ ಮೋಡ ಕಟ್ಟಿದೆ, ಆ ಜಲ್ಲಿ ರಸ್ತೆಯ ಲೂಪ್ ಮಾಡಬಹುದೇ ಎಂದು ಕೇಳಿದ್ದ. ಹಾಸನದಲ್ಲಿ ಆಗ ಆಶ್ಲೇಷ ಮಳೆ ಎರಡು ದಿನದಿಂದ ಬಿಟ್ಟಿರಲಿಲ್ಲ. ಶಿರಾಡಿ ಘಾಟಿಯಲ್ಲಿ ವಾಹನ ಬಿಡುತ್ತಾರೋ ಇಲ್ಲವೋ ಎಂದು ಪಕ್ಕದ ಡೆಸ್ಕಿನವನು ಮಂಗಳೂರಿಗೆ ಫೋನು ಹಚ್ಚುತ್ತಲೇ ಇದ್ದ. ನಾನು ಅಮೆರಿಕದ ಹವಾಮಾನ ಇಲಾಖೆಯ ಪುಟ ತೆರೆದೆ. ಗುಡುಗು ಮಳೆಯ ಸಾಧ್ಯತೆ, ಕಾಲು ಇಂಚಿನಿಂದ ಅರ್ಧ ಇಂಚು. ನಮ್ಮ ಡೇ-ಶೀಟಿನ ಕಾಲಂ ಮಿಲಿಮೀಟರಿನಲ್ಲಿ ಇರುವುದರಿಂದ ಪರಿವರ್ತಿಸಿದೆ: ಸುಮಾರು ಹತ್ತು. ಪಕ್ಕದವನಿಗೂ ತೋರಿಸಿದೆ. ಅವನು ನೋಡಿ, ಇದಕ್ಕೆ ನಮ್ಮೂರಲ್ಲಿ ಕೊಡೆಯನ್ನೂ ಬಿಚ್ಚುವುದಿಲ್ಲ ಎಂದ. ಇಬ್ಬರೂ ನಕ್ಕೆವು. ನಕ್ಕುಕೊಂಡೇ ಟೈಪ್ ಮಾಡಿದೆ: "ಹತ್ತು ಮಿಲಿಮೀಟರ್ ಅಷ್ಟೇ. ಧೈರ್ಯವಾಗಿ ಹೋಗಿ ಬನ್ನಿ, ಬಾವಲಿ ಕಾರ್ಯಕ್ರಮಕ್ಕೆ ಸಮಯ ಸಾಕು." ಕಳುಹಿಸಿದೆ. ಒಂದು ಟಿಕ್ಕು ಬಿತ್ತು.

ಎರಡೂವರೆಯ ಸುಮಾರಿಗೆ ಅದೇ ಪುಟದ ಮೇಲ್ಭಾಗದಲ್ಲಿ ಫ್ಲ್ಯಾಶ್ ಫ್ಲಡ್ ವಾರ್ನಿಂಗ್, ಅಂದರೆ ದಿಢೀರ್ ಪ್ರವಾಹದ ಎಚ್ಚರಿಕೆ, ಎಂಬ ಪಟ್ಟಿ ಕಾಣಿಸಿಕೊಂಡಿತು. ಭೂಪಟದಲ್ಲಿ ಎಳೆದಿದ್ದ ಚೌಕ ಉದ್ಯಾನದ ಮೇಲೆಯೇ ಕುಳಿತಿತ್ತು. ಒಳಗಿನ ಬರಹವನ್ನು ನಾನು ಆಗ ಮೊದಲ ಬಾರಿಗೆ ಪೂರ್ತಿ ಓದಿದೆ. ಆರು ಇಂಚು ಹರಿಯುವ ನೀರು ನಿಂತ ಮನುಷ್ಯನನ್ನು ಬೀಳಿಸುತ್ತದೆ, ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ, ಎರಡು ಅಡಿಯಾದರೆ ಬಹುತೇಕ ಎಲ್ಲ ವಾಹನಗಳನ್ನೂ ಒಯ್ಯುತ್ತದೆ ಎಂದು ಆ ಇಲಾಖೆಯ ಸುರಕ್ಷತಾ ಪುಟದಲ್ಲಿದೆ. ಕೂಡಲೇ "ಲೂಪಿಗೆ ಹೋಗಬೇಡಿ, ಹೋಗಿದ್ದರೆ ಎತ್ತರದಲ್ಲಿ ನಿಲ್ಲಿಸಿ" ಎಂದು ಬರೆದೆ. ಅದಕ್ಕೂ ಒಂದೇ ಟಿಕ್ಕು. ಕರೆ ಮಾಡಿದೆ, ವ್ಯಾಪ್ತಿಯಿಂದ ಹೊರಗೆ.

ಈಗ ಪರದೆಯ ಮೇಲೆ ನನ್ನ ಎರಡು ಸಂದೇಶಗಳು ಒಂದರ ಕೆಳಗೊಂದು ಕುಳಿತಿದ್ದವು, ಹೋಗಿ ಎನ್ನುವುದು ಮೇಲೆ, ಹೋಗಬೇಡಿ ಎನ್ನುವುದು ಕೆಳಗೆ. ಸಾಮಾನ್ಯವಾಗಿ ಈ ಕೆಲಸದಲ್ಲಿ ಎರಡನೆಯ ಟಿಕ್ಕಿಗಾಗಿ ಕಾಯುತ್ತೇವೆ. ಆ ರಾತ್ರಿ ನನಗೆ ಕೆಳಗಿನದಕ್ಕೆ ಎರಡು ಟಿಕ್ಕು ಬೇಕಿತ್ತು, ಮೇಲಿನದಕ್ಕೆ ಬೇಡವಾಗಿತ್ತು. ಫೋನು ಒಮ್ಮೆ ಸಿಗ್ನಲ್ ಕಂಡರೆ ಎರಡೂ ಒಟ್ಟಿಗೇ ಹೋಗುತ್ತವೆ. ಆದರೆ ಅರೆಕ್ಷಣ ಸಿಗ್ನಲ್ ಬಂದು ಮೊದಲನೆಯದು ಮಾತ್ರ ಇಳಿದು ಮತ್ತೆ ಕಡಿದುಹೋದರೆ? ಮೊದಲನೆಯದನ್ನು ಎಲ್ಲರಿಗೂ ಅಳಿಸಿಬಿಡು ಎಂದು ಪಕ್ಕದವನು ಹೇಳಿದ. ಬೆರಳು ಅದರ ಮೇಲೆ ಹೋಯಿತು. ಅಳಿಸಲಿಲ್ಲ. ಪ್ರಾಮಾಣಿಕತೆ ಎಂದು ಹೇಳಿಕೊಳ್ಳಲು ಆಸೆಯಾಗುತ್ತದೆ, ಆದರೆ ಆ ಸಂದೇಶ ಆಗಲೇ ನಮ್ಮ ಗಿರಾಕಿ ದಾಖಲೆಯ ತಂತ್ರಾಂಶ ಸಿಆರ್‌ಎಂಗೆ ಸಿಂಕ್ ಆಗಿತ್ತು. ನಾನು ಇಲ್ಲಿ ಅಳಿಸಿದರೆ ಅಲ್ಲಿ ಅಳಿಸಿದ ಗುರುತಿನೊಡನೆ ಉಳಿಯುತ್ತಿತ್ತು. ಅಷ್ಟು ಲೆಕ್ಕಾಚಾರ ಮಾಡಲು ಆ ಹೊತ್ತಿನಲ್ಲಿಯೂ ನನ್ನ ತಲೆ ಓಡಿತು ಎಂಬುದೇ ಇಂದಿಗೂ ಚುಚ್ಚುತ್ತದೆ.

ನಿಯಮದ ಪ್ರಕಾರ ನಾವು ಉದ್ಯಾನದವರಿಗೆ ನೇರವಾಗಿ ಫೋನು ಮಾಡುವಂತಿಲ್ಲ. ಗ್ರೌಂಡ್ ಹ್ಯಾಂಡ್ಲರ್, ಅಂದರೆ ಅಲ್ಲಿನ ಸ್ಥಳೀಯ ಏಜೆಂಟರ, ಮೂಲಕವೇ ಎಸ್ಕಲೇಟ್ ಮಾಡಬೇಕು. ಮಾಡಿದೆ. ಟಿಕೆಟ್ ಸಂಖ್ಯೆ ಬಂತು, ನಿಮ್ಮ ವಿನಂತಿ ನಮಗೆ ಮುಖ್ಯ ಎಂಬ ವಾಕ್ಯವೂ ಬಂತು. ವ್ಯವಸ್ಥಾಪಕರಿಗೆ ಫೋನು ಮಾಡಿದರೆ, ಗಾಬರಿಯಾಗಬೇಡ, ಎಲ್ಲವನ್ನೂ ಈಮೇಲಿನಲ್ಲಿ ಹಾಕು ಎಂದು ಹೇಳಿ ಮಲಗಿದರು. ನಿಯಮವನ್ನು ಬದಿಗಿಟ್ಟು ನೇರವಾಗಿ ಕರೆ ಮಾಡಬೇಕು ಎಂದು ನಾನು ತೀರ್ಮಾನಿಸುವ ಹೊತ್ತಿಗೆ ಉದ್ಯಾನದ ಕಚೇರಿಯ ಸಮಯ ಮುಗಿದಿತ್ತು. ಬಾವಲಿ ನೋಡುವ ಬಯಲು ರಂಗಮಂದಿರದಲ್ಲಿ ಫೋನು, ಕ್ಯಾಮೆರಾ ಎಲ್ಲವನ್ನೂ ಬಂದ್ ಮಾಡಿಸುತ್ತಾರೆ, ಅವುಗಳಿಂದ ಪ್ರಾಣಿಗಳಿಗೆ ತೊಂದರೆ ಎಂದು. ಆದ್ದರಿಂದ ಮೌನ ಎಂದರೆ ಅವರು ಕ್ಷೇಮವಾಗಿ ಕುಳಿತು ಆಕಾಶ ನೋಡುತ್ತಿದ್ದಾರೆ ಎಂದೂ ಆಗಬಹುದಿತ್ತು, ಕಣಿವೆಯ ತಳದಲ್ಲಿದ್ದಾರೆ ಎಂದೂ ಆಗಬಹುದಿತ್ತು. ಐದು ಗಂಟೆಗೆ ಕಾಫಿ ತಂದ ಹುಡುಗ ಲೋಟವನ್ನು ಇಟ್ಟು ಹೋದದ್ದು ನನಗೆ ತಿಳಿಯಲೇ ಇಲ್ಲ. ಕೆನೆ ಕಟ್ಟಿ ಬೆಳಗಿನ ತನಕ ಅಲ್ಲೇ ಇತ್ತು.

ಎಂಟು ಗಂಟೆಗೆ ಬೆಳಗಿನ ಪಾಳಿಯವರು ಒದ್ದೆ ಕೊಡೆಗಳನ್ನು ಬಾಗಿಲ ಬಳಿ ನಿಲ್ಲಿಸುತ್ತಿರುವಾಗ ಎರಡೂ ಸಂದೇಶಗಳಿಗೆ ಒಟ್ಟಿಗೇ ಎರಡು ಟಿಕ್ಕುಗಳು ಬಿದ್ದವು. ಕೆಲವು ನಿಮಿಷದ ನಂತರ ಮಗನ ಉತ್ತರ ಬಂತು: "ಎರಡರಲ್ಲಿ ಯಾವುದು ಸರ್?" ಜೊತೆಗೆ ಒಂದು ನಗುಮುಖ.

ಅವರು ಲೂಪಿಗೆ ಹೋಗಿಯೇ ಇರಲಿಲ್ಲ. ನನ್ನ ಉತ್ತರಕ್ಕೆ ಕಾದು ಬೇಸತ್ತು ಸಂದರ್ಶಕರ ಕೇಂದ್ರದ ಮೇಜಿನ ಬಳಿ ಕೇಳಿದಾಗ, ರೇಂಜರ್ ಮೋಡದ ಕಡೆ ಕೈ ತೋರಿಸಿ, ಇವತ್ತು ಬೇಡ ಎಂದಿದ್ದರು. ಸ್ವಲ್ಪ ಹೊತ್ತಿಗೆ ಕೆಳಗಿನ ಕಣಿವೆಯಲ್ಲಿ ನೀರು ಬಂದು ಮುಖ್ಯ ರಸ್ತೆಯನ್ನೂ ತಡೆದರು. ಬಾವಲಿ ಕಾರ್ಯಕ್ರಮ ರದ್ದಾಯಿತು. ನೀರು ಇಳಿದ ಮೇಲೆ ವಾಹನಗಳನ್ನು ಸಾಲಾಗಿ ಕೆಳಗೆ ಬಿಟ್ಟರು. ಕಳುಹಿಸಿದ ವಿಡಿಯೊದಲ್ಲಿ ಹೊಳೆ ಎನ್ನುವಂಥದ್ದು ಏನೂ ಕಾಣಲಿಲ್ಲ. ಡಾಂಬರಿನ ಮೇಲೆ ಬೂದು ಬಣ್ಣದ ಕೆಸರು, ತೆಂಗಿನಕಾಯಿ ಗಾತ್ರದ ಕಲ್ಲುಗಳು, ಬೇರುಸಹಿತ ಬಂದ ಒಂದು ಮುಳ್ಳುಗಿಡ, ಮತ್ತು ಹೆಡ್‌ಲೈಟಿನ ಬೆಳಕಿನಲ್ಲಿ ದಂಡೆಯ ಬಂಡೆಯ ಮೇಲೆ ಸೊಂಟದ ಎತ್ತರಕ್ಕೆ ಒಂದು ಒದ್ದೆ ಗೆರೆ.

ಆ ಊರಿನಲ್ಲಿ ವರ್ಷಕ್ಕೆ ಬೀಳುವುದೇ ಹದಿನೈದು ಇಂಚಿನ ಆಸುಪಾಸು. ಹಾನಬಾಳಿನ ತೋಟದಲ್ಲಿ ಜುಲೈ ಒಂದರಲ್ಲಿಯೇ ಅದಕ್ಕಿಂತ ಹೆಚ್ಚು ಬೀಳುತ್ತದೆ. ಆದರೆ ಅವರದಕ್ಕೂ ಮಾನ್ಸೂನ್ ಎಂಬ ಹೆಸರೇ ಇದೆ, ಜುಲೈನಿಂದ ಸೆಪ್ಟೆಂಬರಿನ ನಡುವೆಯೇ ಬರುತ್ತದೆ, ಮತ್ತು ಬಂದರೆ ಒಂದು ಗಂಟೆಯಲ್ಲಿ ಸುರಿದು ಹೋಗುತ್ತದೆ. ನೆಲದಲ್ಲಿ ಎಲೆಯ ಹಾಸಿಲ್ಲ, ಬೇರಿನ ಹೆಣಿಗೆ ಇಲ್ಲ. ಬರಿಯ ಸುಣ್ಣಕಲ್ಲು, ಮೇಲೆ ಗಟ್ಟಿಕಟ್ಟಿದ ತೆಳು ಮಣ್ಣು. ನೀರು ಇಂಗುವುದಿಲ್ಲ, ಎಲ್ಲ ದಿಕ್ಕಿನಿಂದಲೂ ಕಣಿವೆಗೆ ಜಾರುತ್ತದೆ. ತಲೆಯ ಮೇಲೆ ಬಿಸಿಲಿರುವಾಗಲೂ ಮೇಲಿನ ಬೆಟ್ಟದ ಮಳೆ ಕೆಳಗಿನ ರಸ್ತೆಗೆ ಬಂದು ಸೇರಬಹುದು. 2022ರ ಆಗಸ್ಟ್ 20ರಂದು ಇದೇ ಉದ್ಯಾನದಲ್ಲಿ ಇನ್ನೂರರ ಹತ್ತಿರ ಪ್ರವಾಸಿಗರು ಪ್ರವಾಹದಿಂದಾಗಿ ಸುಮಾರು ಒಂಬತ್ತು ಗಂಟೆ ಸಂದರ್ಶಕರ ಕೇಂದ್ರದಲ್ಲಿಯೇ ಉಳಿಯಬೇಕಾಗಿತ್ತು. ಹುಡುಕಿದ್ದರೆ ಆ ಸುದ್ದಿ ನನಗೆ ಎರಡು ನಿಮಿಷದಲ್ಲಿ ಸಿಗುತ್ತಿತ್ತು. ಹತ್ತು ಎಂಬ ಅಂಕಿ ಕಂಡ ಮೇಲೆ ಹುಡುಕಬೇಕು ಎಂದೇ ಅನ್ನಿಸಲಿಲ್ಲ.

ಊರಿಗೆ ಮರಳಿದ ಮೇಲೆ ಯಜಮಾನರು ಬಾಕಿ ಹಣ ಕೊಡಲು ಕಚೇರಿಗೆ ಬಂದಿದ್ದರು. ಬೈಯಲಿಲ್ಲ. ಎಷ್ಟು ಮಳೆ ಎಂದುಕೊಂಡಿದ್ದಿರಿ ಎಂದು ಕೇಳಿದರು. ಅರ್ಧ ಇಂಚಿಗೂ ಒಳಗೆ ಎಂದೆ. ಅವರ ತೋಟದ ಮಳೆಮಾಪಕದ ಲೆಕ್ಕವೂ ಇಂಚಿನಲ್ಲಿಯೇ. "ಮಾರ್ಚಿನಲ್ಲಿ ಒಂದು ಇಂಚು ಹೂಮಳೆ ಬಂದರೆ ನಮಗೆ ವರ್ಷದ ಫಸಲು, ಕೊಯ್ಲಿನಲ್ಲಿ ಅದೇ ಒಂದು ಇಂಚು ಬಂದರೆ ಕಣದಲ್ಲಿ ಒಣಗಲು ಹಾಕಿದ್ದೆಲ್ಲ ಹಾಳು. ಹಾಸನದಲ್ಲಿ ಇದ್ದುಕೊಂಡು ನಿಮಗೆ ಇದು ಗೊತ್ತಿಲ್ಲವೇ?" ಎಂದರು. ಗೊತ್ತಿತ್ತು. ಡೆಸ್ಕಿನಲ್ಲಿ ಕೂತಾಗ ನೆನಪಾಗಲಿಲ್ಲ.

ಆಡಳಿತದವರು ಕ್ರಮ ಕೈಗೊಂಡಿದ್ದಾರೆ. ಸಾಫ್ಟ್‌ವೇರಿನಲ್ಲಿ ಹವಾಮಾನ ಪರಿಶೀಲಿಸಲಾಗಿದೆಯೇ ಎಂಬ ಹೊಸ ಡ್ರಾಪ್‌ಡೌನ್ ಬಂದಿದೆ. ಅದರ ಡಿಫಾಲ್ಟ್ ಉತ್ತರ ಹೌದು ಎಂದಿದೆ. ಗ್ಯಾಪಿನ ಕೆಂಪು ಬಣ್ಣ ಹಾಗೆಯೇ ಇದೆ. ನಾನು ಮಾತ್ರ ಜುಲೈನಿಂದ ಸೆಪ್ಟೆಂಬರಿನವರೆಗಿನ ಮರುಭೂಮಿ ಫೈಲುಗಳಲ್ಲಿ ಮಧ್ಯಾಹ್ನಕ್ಕೆ "ಹೋಟೆಲಿನಲ್ಲಿ ವಿಶ್ರಾಂತಿ" ಎಂದು ತುಂಬಿಸುತ್ತೇನೆ, ಕ್ಯೂಸಿಯವರು ಅದನ್ನು ಚಟುವಟಿಕೆ ಎಂದು ಒಪ್ಪುವವರೆಗೆ ಮತ್ತೆ ಮತ್ತೆ ಕಳುಹಿಸುತ್ತೇನೆ. ಜಲ್ಲಿ ರಸ್ತೆ ಕೇಳಿದವರಿಗೆ ಬಾಡಿಗೆ ಕರಾರಿನಲ್ಲಿ ಡಾಂಬರು ಇಲ್ಲದ ರಸ್ತೆಗೆ ಅನುಮತಿ ಇದೆಯೇ ಎಂದು ಮೊದಲು ಓದಿಸುತ್ತೇನೆ. ಬಹಳಷ್ಟು ಕರಾರುಗಳಲ್ಲಿ ಇರುವುದಿಲ್ಲ. ಹೋಗಬಹುದೇ ಎಂದು ಯಾರಾದರೂ ಕೇಳಿದರೆ, ಮೇಜಿನಾಚೆ ಇರುವ ರೇಂಜರನ್ನು ಕೇಳಿ, ಅವರು ಹೇಳಿದ್ದನ್ನು ನನಗೆ ತಿಳಿಸಿ ಎಂದಷ್ಟೇ ಬರೆಯುತ್ತೇನೆ. ಹೀಗೆ ಉತ್ತರ ಕೊಡಲು ನಿಮಗೆ ಸಂಬಳ ಏಕೆ ಎಂದು ಒಬ್ಬ ಗಿರಾಕಿ ಫೀಡ್‌ಬ್ಯಾಕಿನಲ್ಲಿ ಕೇಳಿದ್ದಾರೆ. ಅದೂ ನ್ಯಾಯವಾದ ಪ್ರಶ್ನೆಯೇ.

ಅದೇ ಬೆಳೆಗಾರರು ಈಗ ಅರಿಜೋನಾದ ಕಾರ್ಚ್ನರ್ ಗುಹೆಗೆ ಹೋಗಬೇಕು ಎನ್ನುತ್ತಿದ್ದಾರೆ. 1974ರಲ್ಲಿ ಕಂಡುಹಿಡಿದ ಇಬ್ಬರು ಯುವಕರು ಹಲವು ವರ್ಷ ಅದನ್ನು ಗುಟ್ಟಾಗಿಟ್ಟು ಕಾಪಾಡಿದ ಕಥೆ ಅವರಿಗೆ ಬಹಳ ಹಿಡಿಸಿದೆ. ಬಾವಲಿಗಳು ಮರಿ ಹಾಕಲು ಬರುವುದರಿಂದ ಅಲ್ಲಿನ ದೊಡ್ಡ ಕೋಣೆಯನ್ನು ಏಪ್ರಿಲ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುತ್ತಾರೆ, ಆದ್ದರಿಂದ ಬೇಸಿಗೆಯ ಮಾತೇ ಬರುವುದಿಲ್ಲ. ನವೆಂಬರಿನಿಂದ ಅವರಿಗೆ ಕೊಯ್ಲು. ಫೆಬ್ರವರಿಗೆ ಫೈಲು ತೆರೆದಿದ್ದೇನೆ. ಹೂಮಳೆಗೆ ಮೊದಲು ತೋಟದಲ್ಲಿ ಇರಬೇಕು ಎಂಬುದು ಅವರ ಷರತ್ತು, ಹಿಂದಿರುಗುವ ಟಿಕೆಟಿನ ದಿನಾಂಕ ಇನ್ನೂ ನಿರ್ಧಾರವಾಗಿಲ್ಲ.