ಬ್ರೆಜಿಲ್ ಜೊತೆ ನಮಗೆ ಎಂತ ಕೆಲಸ?

ಅಕ್ಕನ ಮಗನಿಗೆ ಕಾಲೇಜಲ್ಲಿ ಮಾಡೆಲ್ ಯುಎನ್ ಅಂತೆ, ಅಂದ್ರೆ ವಿಶ್ವಸಂಸ್ಥೆಯ ಹಾಗೆ ಒಬ್ಬೊಬ್ಬ ಹುಡುಗ ಒಂದೊಂದು ದೇಶದ ಪರವಾಗಿ ಮಾತಾಡುವ ಆಟ, ಅವನಿಗೆ ಸಿಕ್ಕಿದ್ದು ಬ್ರೆಜಿಲ್. ಇಂಡಿಯಾ ಸಿಗ್ಲಿಲ್ಲ ಅಂತ ಮುಖ ಸಪ್ಪೆ ಮಾಡ್ಕೊಂಡು ನಿನ್ನೆ ಸಂಜೆ ಬಂದ, ಹೊರಗೆ ಜೋರು ಮಳೆ, ಒಳಗೆ ಅಮ್ಮ ಎಣ್ಣೆಗೆ ಗೋಳಿಬಜೆ ಬಿಡ್ತಾ ಇದ್ರು, ಇವ ಚಾವಡಿಯಲ್ಲಿ ಚಾರ್ಟ್ ಪೇಪರ್ ಹಾಸಿ ಕೂತ. "ಮಾಮ, ಸೆಕ್ಯುರಿಟಿ ಕೌನ್ಸಿಲಲ್ಲಿ ಪರ್ಮನೆಂಟ್ ಸೀಟ್ ಬೇಕಾದ್ರೆ ನಾವೇ ಕೇಳಿದ್ರೆ ಆಯ್ತಲ್ಲ, ಬ್ರೆಜಿಲ್ ಜೊತೆ ನಮಗೆ ಎಂತ ಕೆಲಸ?"

ಲೆಕ್ಕ ಮಾಡಿ ತೋರಿಸಿದೆ. ಸೆಕ್ಯುರಿಟಿ ಕೌನ್ಸಿಲ್ ಅಂದ್ರೆ ಯುದ್ಧ ಶಾಂತಿಯ ವಿಷಯ ತೀರ್ಮಾನ ಮಾಡುವ ಯುಎನ್ ಮಂಡಳಿ, ಅದರಲ್ಲಿ ಪರ್ಮನೆಂಟ್ ಸೀಟ್ ಹೆಚ್ಚಿಸೋಕೆ ಚಾರ್ಟರನ್ನೇ, ಅಂದ್ರೆ ಯುಎನ್ನಿನ ಮೂಲ ನಿಯಮಾವಳಿಯನ್ನೇ ತಿದ್ದಬೇಕು. ಹಾಗೆ ತಿದ್ದಬೇಕಾದ್ರೆ 193 ದೇಶಗಳಲ್ಲಿ ಮೂರರಲ್ಲಿ ಎರಡು ಪಾಲು ಅಂದ್ರೆ 129 ವೋಟ್ ಬೇಕು, ಆಮೇಲೆ ಅಷ್ಟೇ ದೇಶಗಳು ಅವರವರ ಊರಲ್ಲಿ ಅದನ್ನ ಒಪ್ಪಬೇಕು, ಅದರಲ್ಲಿ ಈಗಿನ ಐದು ಪರ್ಮನೆಂಟ್ ಮೆಂಬರ್‌ಗಳು, ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್, ಎಲ್ಲರೂ ಇರ್ಲೇಬೇಕು. ಒಬ್ಬರೇ ಹೋಗಿ ಕೇಳಿದ್ರೆ ಆಗುವ ಕೆಲಸ ಅಲ್ಲ. ಅದಕ್ಕೇ ಇಂಡಿಯಾ, ಜಪಾನ್, ಜರ್ಮನಿ, ಬ್ರೆಜಿಲ್ ಸೇರಿ ಜಿ4 ಅಂತ ಮಾಡಿಕೊಂಡದ್ದು, ಒಬ್ಬರ ಸೀಟಿಗೆ ಇನ್ನೊಬ್ಬರ ಸಪೋರ್ಟ್. 2005ರಲ್ಲಿ ಕೌನ್ಸಿಲನ್ನ 15ರಿಂದ 25 ಮಾಡುವ ಡ್ರಾಫ್ಟ್ ಕೂಡ ಇಟ್ರು, ಹೊಸ ಪರ್ಮನೆಂಟ್ ಮೆಂಬರ್‌ಗಳು 15 ವರ್ಷ ವೀಟೋ, ಅಂದ್ರೆ ಒಬ್ಬರೇ ಬೇಡ ಅಂತ ಹೇಳಿ ನಿರ್ಣಯ ತಡೆಯುವ ಅಧಿಕಾರ, ಬಳಸೋದಿಲ್ಲ ಅಂತ ಅದರಲ್ಲೇ ಬರೆದಿದ್ರು. ಆದ್ರೆ ಆಫ್ರಿಕಾದವರು ತಮ್ಮ ಎರಡು ಪರ್ಮನೆಂಟ್ ಸೀಟಿಗೆ ವೀಟೋ ಬೇಕೇ ಬೇಕು ಅಂತ ಹಿಡಿದ್ರು, ಇನ್ನೊಂದು ಕಡೆ ಪಾಕಿಸ್ತಾನ, ಇಟಲಿ, ದಕ್ಷಿಣ ಕೊರಿಯಾ ಎಲ್ಲ ಸೇರಿ ವಿರೋಧ, ಡ್ರಾಫ್ಟ್ ವೋಟಿಗೇ ಬರ್ಲಿಲ್ಲ.

ನನಗೆ ಬೇಜಾರಾಗೋದು ಇಲ್ಲೇ. ಯಾಕಂದ್ರೆ ಒಂದ್ಸಲ ಇದು ಆಗಿದೆ! 1963ರಲ್ಲಿ ಹೊಸದಾಗಿ ಸ್ವತಂತ್ರ ಆದ ಏಷ್ಯಾ ಆಫ್ರಿಕಾದ ದೇಶಗಳು ಒಟ್ಟಾಗಿ ಕೌನ್ಸಿಲನ್ನ 11ರಿಂದ 15 ಮಾಡಬೇಕು ಅಂತ ವೋಟಿಗೆ ಹಾಕಿಸಿದ್ರು, 97 ವೋಟ್ ಪರವಾಗಿ ಬಿತ್ತು. ಆ ದಿನ ಸೋವಿಯತ್ ಒಕ್ಕೂಟ, ಫ್ರಾನ್ಸ್ ವಿರೋಧ, ಅಮೆರಿಕ, ಬ್ರಿಟನ್ ತಟಸ್ಥ. ಆದ್ರೂ 1965ರ ಒಳಗೆ ಐದೂ ಜನ ಸಹಿ ಹಾಕಿ ಒಪ್ಪಿದ್ರು. ದೊಡ್ಡವರು ಮೊದಲು ಒಪ್ಪಲಿ ಅಂತ ಕಾದಿದ್ರೆ ಇವತ್ತಿಗೂ 11 ಸೀಟೇ ಇರ್ತಿತ್ತು. ನನ್ನ ಪ್ರಕಾರ ಜಿ4 ಈಗ ಮಾಡಬೇಕಾದ್ದು ಅದೇ, ತಮ್ಮ ನಾಲ್ಕು ಹೆಸರು ಹಿಡ್ಕೊಂಡು ಕೂರೋದಕ್ಕಿಂತ ಆಫ್ರಿಕಾದ ಸೀಟನ್ನ ಮೊದಲ ಸಾಲಲ್ಲಿ ಬರೆದು, 54 ದೇಶಗಳ ಜೊತೆ ಕೂತು ಒಂದೇ ಡ್ರಾಫ್ಟ್ ಮಾಡಿ ವೋಟಿಗೆ ಹಾಕೋದು. 2023ರಲ್ಲಿ ದೆಹಲಿಯಲ್ಲಿ ಆಫ್ರಿಕನ್ ಯೂನಿಯನನ್ನ ಜಿ20ಗೆ ಸೇರಿಸಿದ್ದು ನಾವೇ ಮುಂದೆ ನಿಂತು, ಆ ವಿಶ್ವಾಸ ಉಂಟಲ್ಲ.

ಎರಡನೇ ಮಹಾಯುದ್ಧದಲ್ಲಿ ಎದುರು ಪಕ್ಷದಲ್ಲಿದ್ದ ಜಪಾನ್, ಜರ್ಮನಿಯಂಥವರನ್ನ ಉದ್ದೇಶಿಸಿ ಬರೆದ "ಶತ್ರು ದೇಶ" ಅನ್ನೋ ಪದ ಚಾರ್ಟರಲ್ಲಿ ಇನ್ನೂ ಹಾಗೇ ಇದೆ ಅಂದಾಗ ಹುಡುಗ ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡಿದ.

ಇನ್ನೊಂದು ವಿಷಯ ಅವನಿಗೆ ಗೊತ್ತೇ ಇರ್ಲಿಲ್ಲ. ಕೊರಿಯಾ ಯುದ್ಧ ಶುರುವಾದ 1950ರ ಜೂನಲ್ಲಿ ಸೆಕ್ಯುರಿಟಿ ಕೌನ್ಸಿಲಿನ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದದ್ದು ನಮ್ಮ ಮಂಗಳೂರಲ್ಲೇ ಹುಟ್ಟಿದ ಬೆನಗಲ್ ನರಸಿಂಗ ರಾಯರು, ಸಂವಿಧಾನದ ಮೊದಲ ಕರಡು ತಯಾರು ಮಾಡಿದವರು. ಕೆನರಾ ಹೈಸ್ಕೂಲಲ್ಲಿ ಓದಿದ್ದು. ಡೊಂಗರಕೇರಿಯಲ್ಲಿ ಆ ಶಾಲೆ ಎದುರು ದಿನಾ ಹೋಗ್ತೇವೆ, ಎಷ್ಟು ಜನರಿಗೆ ನೆನಪುಂಟು? ಆ ಸಲವೂ ಸೇರಿ ಇಲ್ಲಿಯವರೆಗೆ ಕೌನ್ಸಿಲಿಗೆ ಎಂಟು ಸಲ ಎರಡೆರಡು ವರ್ಷಕ್ಕೆ ಆರಿಸಿ ಬಂದಿದ್ದೇವೆ, ಪ್ರತಿ ಸಲ ಅವಧಿ ಮುಗಿದ ಕೂಡಲೇ ಎದ್ದು ಹೊರಗೆ.

ಚಾರ್ಟಿನ ಮೂಲೆಯಲ್ಲಿ ಗೋಳಿಬಜೆ ಎಣ್ಣೆ ಕಲೆ ಆಯ್ತು, ಅದರ ಪಕ್ಕ 129 ಅಂತ ಬರೆದು ಸುತ್ತ ಎರಡು ರೌಂಡ್ ಹಾಕಿದ್ದಾನೆ. ನಾಳೆ ಬೆಳಿಗ್ಗೆ ಅವನ ಸೆಷನ್. ಭಾಷಣ ಆಮೇಲೆ ಮಾಡು ಮಗ, ಮೊದಲು ಹೋಗಿ ಆಫ್ರಿಕಾದವರ ಟೇಬಲಲ್ಲಿ ಕೂತ್ಕೋ ಅಂತ ಹೇಳಿದ್ದೇನೆ.